ಬಂಡಾಯಕ್ಕೆ ಮದ್ದು ಬರೆದ ಮಾರ್ಕ್ವಿಸ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ನಡೆದ ಗಲಾಟೆ ನಿಮಗೆಲ್ಲ ನೆನಪಿರಬೇಕು. ಸಾಂಬಾರು ನೀರಾಗಿತ್ತು, ಚಪಾತಿ ಚರ್ಮ ಆಗಿತ್ತು, ಅದರ ಮೇಲೆ ಬಿಲ್ಲು ಬೇರೆ ಏರಿತ್ತು. ಮೂರು ಸಲ ಅರ್ಜಿ ಕೊಟ್ಟರೂ ಯಾರೂ ತಿರುಗಿ ನೋಡಲಿಲ್ಲ. ನಾಲ್ಕನೇ ಸಲ ಹುಡುಗರೆಲ್ಲ ಖಾಲಿ ತಟ್ಟೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ರು. ಆಮೇಲೆ ಏನಾಯ್ತು? ಅರ್ಜಿಯಲ್ಲಿ ಮೊದಲ ಐದು ಸಹಿ ಯಾರದ್ದು ಅಂತ ಹುಡುಕಿ, ಅವರ ಅಪ್ಪ-ಅಮ್ಮಂದಿರಿಗೆ ಫೋನ್ ಮಾಡಿ, ಕ್ಷಮಾಪಣೆ ಪತ್ರ ಬರೆಸಿಕೊಂಡ್ರು. ಸಾಂಬಾರು ಮಾತ್ರ ಹಾಗೇ ಇತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂತಾರಲ್ಲ, ಅದು.

ಆ ಐದು ಸಹಿಗಳಲ್ಲಿ ಎರಡು ನಮ್ಮ ಕ್ಲಬ್ಬಿನವರದ್ದು. ಹಾಗಾಗಿ ಆ ವಾರದ ಓದುಕೂಟದಲ್ಲಿ ಬೇರೆ ಮಾತೇ ಇರಲಿಲ್ಲ. ಆಗ ನಮ್ಮಲ್ಲೊಬ್ಬಳು ತಾನು ಓದ್ತಿದ್ದ ಒಂದು ಪುಸ್ತಕದ ಕತೆ ತೆಗೆದಳು. ಬಿಯಾಟ್ರಿಸ್ ಹ್ಯೂಸರ್ ಎಂಬ ಇತಿಹಾಸಕಾರ್ತಿ 2010ರಲ್ಲಿ ತಂದ, ಮೆಕಿಯಾವೆಲಿಯಿಂದ ಕ್ಲಾಸ್‌ವಿಟ್ಸ್‌ವರೆಗಿನ ಯುದ್ಧಚಿಂತಕರ ಬಗೆಗಿನ ಪುಸ್ತಕ ಅದು. ಅದರಲ್ಲಿ ಒಬ್ಬ ಸ್ಪ್ಯಾನಿಷ್ ಸೇನಾಧಿಕಾರಿ ಇದ್ದಾನೆ. ಜನ ದಂಗೆ ಎದ್ದರೆ ಏನು ಮಾಡಬೇಕು ಅನ್ನೋದಕ್ಕೆ ಆತ ಕೊಡೋ ಮೊದಲ ಸಲಹೆ ನಮ್ಮ ವಾರ್ಡನ್ ಸರ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಜನ ಯಾಕೆ ಎದ್ದರು ಅಂತ ಮೊದಲು ನಿನ್ನ ಆಡಳಿತದಲ್ಲೇ ಹುಡುಕು ಅಂತಾನೆ ಆತ.

ಹೆಸರು ಉದ್ದ, ಉಸಿರು ಬಿಗಿಹಿಡಿದು ಓದಿ: ಆಲ್ವಾರೊ ದೆ ನಾವಿಯಾ ಓಸೋರಿಯೊ, ಸಾಂತಾ ಕ್ರುಸ್ ದೆ ಮಾರ್ಸೆನಾದೊದ ಮಾರ್ಕ್ವಿಸ್. ಮಾರ್ಕ್ವಿಸ್ ಅನ್ನೋದು ಅಲ್ಲಿನ ದೊಡ್ಡ ಜಮೀನ್ದಾರಿ ಮನೆತನದ ಬಿರುದು. ನಾವು ಸುಮ್ಮನೆ ಮಾರ್ಸೆನಾದೊ ಅಂತ ಕರೀತೀವಿ. ನಮ್ಮಲ್ಲಿ ಈತನ ಹೆಸರು ಕೇಳಿದವರು ಕಡಿಮೆ. ಸುನ್ ತ್ಸು ಹೇಳಿದ್ದು, ಹೇಳದೇ ಇದ್ದದ್ದು ಎಲ್ಲ ಲಿಂಕ್ಡ್‌ಇನ್‌ನಲ್ಲಿ ದಿನಾ ಬರುತ್ತೆ. ಕ್ಲಾಸ್‌ವಿಟ್ಸ್ ಹೆಸರು ಕೂಡ ಕ್ವಿಜ್‌ನಲ್ಲಿ ಕೇಳಿರ್ತೀವಿ. ಆ ಕ್ಲಾಸ್‌ವಿಟ್ಸ್‌ನ ಪುಸ್ತಕ ಹೊರಬಂದದ್ದು 1832ರಲ್ಲಿ. ಮಾರ್ಸೆನಾದೊ ಸತ್ತು ಆಗಲೇ ನೂರು ವರ್ಷ ಆಗಿತ್ತು.

ಈತನ ಬಗ್ಗೆ ಈ ಸಂಚಿಕೆಯಲ್ಲಿ ಬರೀಬೇಕು ಅಂತ ನಾವು ತೀರ್ಮಾನ ಮಾಡಿದಾಗ ಇದ್ದ ಅಭಿಪ್ರಾಯ ಒಂದು, ಓದಿ ಮುಗಿಸಿದಾಗ ಉಳಿದ ಅಭಿಪ್ರಾಯ ಇನ್ನೊಂದು. ಎರಡನ್ನೂ ಹೇಳ್ತೀವಿ.

ಮೊದಲು ಆತನ ಬದುಕು. ಮಾರ್ಸೆನಾದೊ ಹುಟ್ಟಿದ್ದು 1684ರ ಡಿಸೆಂಬರ್ 19ರಂದು, ಸ್ಪೇನ್‌ನ ಉತ್ತರ ಕರಾವಳಿಯ ಆಸ್ತೂರಿಯಾಸ್ ಪ್ರಾಂತ್ಯದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ಸದಾ ಹಸಿರು ಇರೋ ಸೀಮೆ ಅದು. ಓದಿದ್ದು ಅದೇ ಪ್ರಾಂತ್ಯದ ಓವಿಯೆದೊ ಪಟ್ಟಣದಲ್ಲಿ. ಓದು ಮುಗಿಸಿ ಏನು ಮಾಡ್ಬೇಕು ಅಂತ ಯೋಚಿಸೋಕೆ ಆತನಿಗೆ ಸಮಯ ಸಿಗಲಿಲ್ಲ. 1700ರಲ್ಲಿ ಸ್ಪೇನ್‌ನ ದೊರೆ ಎರಡನೇ ಕಾರ್ಲೋಸ್ ಮಕ್ಕಳಿಲ್ಲದೆ ಸತ್ತ. ಸಿಂಹಾಸನಕ್ಕೆ ಇಬ್ಬರು ಹಕ್ಕುದಾರರು ಬಂದರು. ಒಬ್ಬ ಫ್ರಾನ್ಸ್ ದೊರೆ ಹದಿನಾಲ್ಕನೇ ಲೂಯಿಯ ಮೊಮ್ಮಗ ಫಿಲಿಪ್, ಇನ್ನೊಬ್ಬ ಆಸ್ಟ್ರಿಯಾ ರಾಜಮನೆತನದ ಚಾರ್ಲ್ಸ್. ಯೂರೋಪಿನ ಅರ್ಧ ದೇಶಗಳು ಆ ಕಡೆ, ಉಳಿದರ್ಧ ಈ ಕಡೆ. ಆಸ್ತೂರಿಯಾಸ್ ಫಿಲಿಪ್‌ನ ಪಕ್ಷ ಹಿಡಿದು 1703ರಲ್ಲಿ ಅವನಿಗಾಗಿ ಒಂದು ರೆಜಿಮೆಂಟ್ ಕಟ್ಟಿತು. ಅದರ ಮುಖ್ಯಸ್ಥನಾಗಿ ನೇಮಕ ಆದಾಗ ಮಾರ್ಸೆನಾದೊಗೆ ಹದಿನೆಂಟು ವರ್ಷ. ಅಂದ್ರೆ ನಮ್ಮ ಲೆಕ್ಕದಲ್ಲಿ ಎರಡನೇ ಸೆಮಿಸ್ಟರ್‌ನ ವಯಸ್ಸು. ಆ ವಯಸ್ಸಿನಲ್ಲಿ ನಾವು ಗ್ರಾಫಿಕ್ಸ್ ಶೀಟ್ ಸರಿಯಾಗಿ ಮಡಚೋಕೂ ಬರದೆ ಬೈಸಿಕೊಳ್ತಿದ್ವಿ.

ಈ ಯುದ್ಧದ ಒಂದು ವಿಷಯ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಇದು ಬರೀ ದೇಶ ದೇಶಗಳ ನಡುವಿನ ಯುದ್ಧ ಆಗಿರಲಿಲ್ಲ. ಸ್ಪೇನ್‌ನ ಒಳಗೇ ಆರಗಾನ್, ವೆಲೆನ್ಸಿಯಾ, ಕ್ಯಾಟಲೋನಿಯಾ ಪ್ರಾಂತ್ಯಗಳು ಫಿಲಿಪ್‌ನನ್ನು ಬಿಟ್ಟು ಚಾರ್ಲ್ಸ್ ಕಡೆ ಹೋದವು. ಅವಕ್ಕೆಲ್ಲ ತಮ್ಮದೇ ಹಳೆಯ ಕಾನೂನು, ತಮ್ಮದೇ ಸಭೆ ಇದ್ದವು. 1707ರಲ್ಲಿ ಆಲ್ಮಾನ್ಸಾ ಎಂಬಲ್ಲಿ ಫಿಲಿಪ್‌ನ ಪಡೆ ಗೆದ್ದ ಮೇಲೆ ಆರಗಾನ್ ಮತ್ತು ವೆಲೆನ್ಸಿಯಾದ ಹಳೇ ಕಾನೂನುಗಳನ್ನು ರದ್ದು ಮಾಡಿದರು. 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಬಿತ್ತು. 1716ರಲ್ಲಿ ಕ್ಯಾಟಲೋನಿಯಾಗೂ ಅದೇ ಗತಿ ಆಯಿತು. ಆ ಸೆಪ್ಟೆಂಬರ್ 11ನ್ನು ಕ್ಯಾಟಲೋನಿಯಾದ ಜನ ಇವತ್ತಿಗೂ ತಮ್ಮ ನಾಡಿನ ದಿನ ಅಂತ ಆಚರಿಸ್ತಾರೆ. ಸೋತ ದಿನವನ್ನ ಮುನ್ನೂರು ವರ್ಷ ನೆನಪಿಟ್ಕೊಳ್ಳೋದು ಅಂದ್ರೆ ಗಾಯ ಎಷ್ಟು ಆಳ ಇರಬೇಕು ನೋಡಿ. ಮಾರ್ಸೆನಾದೊ ಈ ಯುದ್ಧದಲ್ಲಿ ಗೆದ್ದವರ ಕಡೆ ಇದ್ದ.

ಆಮೇಲೆ 1717ರಲ್ಲಿ ಸ್ಪೇನ್ ಸಾರ್ಡೀನಿಯಾ ದ್ವೀಪಕ್ಕೆ ನುಗ್ಗಿತು, ಮರುವರ್ಷ ಸಿಸಿಲಿಗೆ. ಈ ದಂಡಯಾತ್ರೆಗಳಲ್ಲೂ ಆತ ಇದ್ದ. ಆದರೆ ಯೂರೋಪಿನ ಬೇರೆ ಶಕ್ತಿಗಳು ಒಟ್ಟು ಸೇರಿ ಸ್ಪೇನ್‌ನ ಕೈ ತಿರುಚಿದವು. 1720ರಲ್ಲಿ ಸಾರ್ಡೀನಿಯಾ ಸವಾಯ್ ರಾಜಮನೆತನದ ಕೈಗೆ ಹೋಯ್ತು. ಆ ಮನೆತನದ ರಾಜಧಾನಿ ಇಟಲಿಯ ಟ್ಯೂರಿನ್. ರಾಜತಾಂತ್ರಿಕ ಕೆಲಸದ ಮೇಲೆ ಮಾರ್ಸೆನಾದೊ ಅಲ್ಲಿಗೆ ಹೋದ. ಹದಿನೆಂಟರಿಂದ ಕುದುರೆ ಮೇಲೇ ಇದ್ದವನಿಗೆ ಮೊದಲ ಸಲ ಮೇಜು, ದೀಪ, ಪುರುಸೊತ್ತು ಎಲ್ಲ ಒಟ್ಟಿಗೆ ಸಿಕ್ಕವು. ಬರೆಯೋಕೆ ಕೂತ.

ಬರೆದದ್ದು ಎಷ್ಟು ಗೊತ್ತಾ? ಹನ್ನೊಂದು ಸಂಪುಟ. ಹೆಸರು 'ರಿಫ್ಲೆಕ್ಸಿಯೋನೆಸ್ ಮಿಲಿತಾರೆಸ್', ಅಂದ್ರೆ ಸೈನ್ಯದ ವಿಷಯದ ಚಿಂತನೆಗಳು. ಮೊದಲ ಹತ್ತು ಸಂಪುಟ 1724ರಿಂದ 1727ರ ನಡುವೆ ಟ್ಯೂರಿನ್‌ನಲ್ಲಿ ಅಚ್ಚಾದವು, ಹನ್ನೊಂದನೆಯದು 1730ರಲ್ಲಿ ಪ್ಯಾರಿಸ್‌ನಲ್ಲಿ. ಇರೋದು ಇಟಲಿಯಲ್ಲಿ, ಆ ಕಾಲದ ದೊಡ್ಡವರ ಭಾಷೆ ಫ್ರೆಂಚ್. ಆದರೂ ಬರೆದದ್ದು ತನ್ನ ಸ್ಪ್ಯಾನಿಷ್‌ನಲ್ಲಿ. ಬೇರೆಯವರು ಬೇಕಾದರೆ ಅನುವಾದ ಮಾಡಿಕೊಳ್ಳಲಿ ಅನ್ನೋ ಹಾಗೆ. ಮಾಡಿಕೊಂಡರು ಕೂಡ: 1730ರ ದಶಕದಲ್ಲೇ ಫ್ರೆಂಚ್‌ಗೆ ಹೋಯಿತು, ಆಮೇಲೆ ಬೇರೆ ಭಾಷೆಗಳಿಗೆ. ಪ್ರಷ್ಯಾದ ದೊರೆ ಫ್ರೆಡ್ರಿಕ್ ಬಗ್ಗೆ ಸ್ಪೇನ್‌ನಲ್ಲಿ ಒಂದು ಕತೆ ಹೇಳ್ತಾರೆ. ಅವನ ಯುದ್ಧವಿದ್ಯೆ ಕಲಿಯೋಕೆ ಅಂತ ಸ್ಪೇನ್‌ನಿಂದ ಹೋದವರಿಗೆ ಅವನು, ನಾನು ಕಲಿತದ್ದೇ ನಿಮ್ಮ ಮಾರ್ಸೆನಾದೊ ಪುಸ್ತಕದಿಂದ ಅಂದನಂತೆ. ಇದು ನಿಜ ಅನ್ನೋದಕ್ಕಿಂತ ಊರವರು ಹೆಮ್ಮೆಯಿಂದ ಹೇಳಿಕೊಳ್ಳೋ ಕತೆ ಅನ್ನೋದೇ ಸರಿ. ಹಿತ್ತಲ ಗಿಡ ಮದ್ದಲ್ಲ, ಪಕ್ಕದ ಊರಿನ ರಾಜ ಹೊಗಳಿದರೆ ಮಾತ್ರ ಮದ್ದು ಅನ್ನೋ ರೋಗ ಎಲ್ಲ ಕಡೆಯೂ ಇದೆ ಅನ್ಸುತ್ತೆ.

ಪುಸ್ತಕದ ರೀತಿ ಎಂಜಿನಿಯರಿಂಗ್ ಓದೋ ನಮಗೆ ಇಷ್ಟ ಆಯ್ತು. ಸೇನಾಪತಿ ಆದವನಿಗೆ ಏನೇನು ಗುಣ ಬೇಕು ಅನ್ನೋದರಿಂದ ಶುರು ಮಾಡ್ತಾನೆ. ಯುದ್ಧದ ತಯಾರಿ, ಬೇಹುಗಾರಿಕೆ, ದಿಢೀರ್ ದಾಳಿ, ಮುತ್ತಿಗೆ, ಗೆದ್ದಾಗ ಏನು, ಸೋತಾಗ ಏನು ಅಂತ ಒಂದೊಂದೇ ಸಂದರ್ಭ ಎತ್ತಿಕೊಳ್ತಾನೆ. ಪ್ರತಿ ಮಾತಿಗೂ ಉದಾಹರಣೆ ಕೊಡ್ತಾನೆ. ಒಂದು ರೋಮನ್ ಕಾಲದ್ದು, ಇನ್ನೊಂದು ನಿನ್ನೆ ಮೊನ್ನೆಯದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಎರಡು ಸಾವಿರ ವರ್ಷದ ಕೇಸ್ ಸ್ಟಡಿಗಳ ಒಂದು ಕೈಪಿಡಿ. ಸೇತುವೆ ಬಿದ್ದಾಗ ಯಾಕೆ ಬಿತ್ತು ಅಂತ ಬರೆದಿಟ್ಟರೆ ಮುಂದಿನ ಸೇತುವೆ ನಿಲ್ಲುತ್ತೆ ಅಂತ ನಮ್ಮ ಸ್ಟ್ರಕ್ಚರ್ಸ್ ಮೇಷ್ಟ್ರು ಹೇಳ್ತಿರ್ತಾರಲ್ಲ, ಅದೇ ಬುದ್ಧಿ.

ಕನ್ನಡ ಕ್ಲಬ್ಬಿನವರಾಗಿ ಇನ್ನೊಂದು ಮಾತು ಸೇರಿಸದೇ ಇರೋಕೆ ಆಗಲ್ಲ. ಈ ಕೆಲಸದ ನಡುವೆಯೇ ಆತನಿಗೆ ಇನ್ನೊಂದು ಹುಚ್ಚು ಹತ್ತಿತು. ಎಲ್ಲ ವಿದ್ಯೆಗಳನ್ನೂ ಒಳಗೊಂಡ ಒಂದು ವಿಶ್ವಕೋಶ ಸ್ಪ್ಯಾನಿಷ್‌ನಲ್ಲಿ ಆಗಬೇಕು, ಒಬ್ಬನಿಂದ ಆಗಲ್ಲ, ಬಲ್ಲವರೆಲ್ಲ ಒಂದೊಂದು ಭಾಗ ಹಂಚಿಕೊಳ್ಳಿ ಅಂತ ಕರೆ ಕೊಟ್ಟ. ಫ್ರಾನ್ಸ್‌ನಲ್ಲಿ ದಿದೆರೊ ಗುಂಪಿನ ಹೆಸರಾಂತ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1751ರಲ್ಲಿ, ಇದಕ್ಕಿಂತ ಎರಡು ದಶಕ ಆಚೆ. ಮಾರ್ಸೆನಾದೊನ ಯೋಜನೆ ಮುಗಿಯಲೇ ಇಲ್ಲ. ತಾಂತ್ರಿಕ ಪದಕೋಶ ಮಾಡೋಣ ಬನ್ನಿ ಅಂತ ನಾವು ವಾಟ್ಸ್ಆ್ಯಪ್ ಗುಂಪು ಮಾಡಿ, ನಲವತ್ತು ಜನ ಸೇರಿ, ಹನ್ನೆರಡು ಪದಕ್ಕೆ ನಿಂತದ್ದು ನೆನಪಾಗಿ ಆತನ ಮೇಲೆ ಸ್ವಲ್ಪ ಅಕ್ಕರೆಯೂ ಬಂತು.

ಈಗ ಮುಖ್ಯ ವಿಷಯಕ್ಕೆ ಬರೋಣ: ದಂಗೆ. ಆ ಕಾಲದ ದೊರೆಗಳಿಗೆ ದಂಗೆ ಅಂದ್ರೆ ರಾಜದ್ರೋಹ, ಪಾಪ, ತಲೆ ತೆಗೆಯೋ ಅಪರಾಧ. ಅಲ್ಲಿಗೆ ಮಾತು ಮುಗೀತು. ಮಾರ್ಸೆನಾದೊ ಅಲ್ಲಿಗೆ ಮುಗಿಸಲ್ಲ. ದಂಗೆ ಬರದ ಹಾಗೆ ನೋಡಿಕೊಳ್ಳೋದು ಹೇಗೆ, ಬಂದರೆ ತಣ್ಣಗೆ ಮಾಡೋದು ಹೇಗೆ ಅಂತ ಬಹಳ ಪುಟ ಬರೀತಾನೆ. ಆತನ ಸಲಹೆಗಳ ಸಾರ ನಮ್ಮ ಮಾತಲ್ಲಿ ಹೀಗಿದೆ. ಜನರ ಮೇಲೆ ತೆರಿಗೆಯ ಹೊರೆ ಹೇರಬೇಡಿ. ಊಟದ ಧಾನ್ಯಕ್ಕೆ ಬರ ಬರದ ಹಾಗೆ ನೋಡ್ಕೊಳ್ಳಿ. ಲಂಚಕೋರ, ದುರಹಂಕಾರಿ ಅಧಿಕಾರಿಗಳನ್ನ ಕಳಿಸಬೇಡಿ. ಸೈನಿಕರು ಜನರ ಮನೆ, ಹೆಂಗಸರು, ದನಕರುಗಳ ತಂಟೆಗೆ ಹೋಗದಂತೆ ಬಿಗಿ ಮಾಡಿ. ಆ ನಾಡಿನ ಆಚಾರ ವಿಚಾರಗಳನ್ನ ಗೇಲಿ ಮಾಡಬೇಡಿ. ದೂರು ತಂದವರ ಮಾತು ಕೇಳಿ. ಇಷ್ಟಾದ ಮೇಲೂ ದಂಗೆ ಎದ್ದರೆ, ಮುಂದಾಳುಗಳು ಬೇರೆ, ಹಿಂದೆ ಹೋದ ಸಾಮಾನ್ಯ ಜನ ಬೇರೆ ಅಂತ ನೋಡಿ, ಹೆಚ್ಚಿನವರಿಗೆ ಕ್ಷಮೆ ಕೊಡಿ. ಕ್ಷಮಿಸ್ತೀವಿ ಅಂತ ಮಾತು ಕೊಟ್ಟ ಮೇಲೆ ತಪ್ಪಬೇಡಿ.

ಇದನ್ನ ಓದಿ ನಾವು ಕುಣಿದುಬಿಟ್ವಿ. 1720ರ ದಶಕದಲ್ಲಿ, ದೊರೆಗಳ ಕಾಲದಲ್ಲಿ, ಒಬ್ಬ ಸೇನಾಧಿಕಾರಿ ಹೀಗೆ ಬರೀತಾನೆ ಅಂದ್ರೆ ಸುಮ್ಮನೆ ಮಾತಲ್ಲ. ಆತ ಇದನ್ನ ಪುಸ್ತಕದ ಬದನೆಕಾಯಿಯಾಗಿ ಕಲಿತದ್ದೂ ಅಲ್ಲ. ತನ್ನ ದೇಶದ ಒಳಗೇ ಮೂರು ಪ್ರಾಂತ್ಯ ತಿರುಗಿ ನಿಂತ ಯುದ್ಧದಲ್ಲಿ ಬೆಳೆದವನು. ಜನ ಎದುರು ನಿಂತರೆ ಕೋಟೆ ಗೆದ್ದರೂ ಊರು ಗೆದ್ದ ಹಾಗಲ್ಲ ಅನ್ನೋದು ಆ ಪೀಳಿಗೆ ಕಣ್ಣಾರೆ ಕಂಡ ಸತ್ಯ. ಇವತ್ತು ದೊಡ್ಡ ದೊಡ್ಡ ಸೈನ್ಯಗಳು ಜನರ ಮನಸ್ಸು ಗೆಲ್ಲಬೇಕು ಅಂತ ಭಾಷಣ ಮಾಡ್ತವಲ್ಲ, ಆ ವಿಚಾರವನ್ನ ಮುನ್ನೂರು ವರ್ಷದ ಹಿಂದೆ ಒಂದು ಪದ್ಧತಿಯಾಗಿ ಬರೆದವರಲ್ಲಿ ಈತ ಒಬ್ಬ. ಮುಂದಿನ ಸಲ ಮೆಸ್ ಗಲಾಟೆ ಆದಾಗ ಆಫೀಸಿನ ಗೋಡೆಗೆ ಈ ಸಲಹೆಗಳನ್ನ ಅಂಟಿಸೋಣ ಅಂತ ಪ್ರಿಂಟ್ ಕೂಡ ತೆಗೆಸೋಕೆ ಹೊರಟಿದ್ವಿ. ಇಲ್ಲಿಗೆ ನಿಂತಿದ್ರೆ ಈ ಲೇಖನ ಒಂದು ಹೊಗಳಿಕೆ ಆಗ್ತಿತ್ತು.

ಆದರೆ ಆತ ಸತ್ತದ್ದು ಹೇಗೆ ಅಂತ ಓದಬೇಕಾಯ್ತು.

ಆಫ್ರಿಕಾದ ಉತ್ತರ ತೀರದಲ್ಲಿ, ಇವತ್ತಿನ ಅಲ್ಜೀರಿಯಾದಲ್ಲಿ, ಓರಾನ್ ಅಂತ ಒಂದು ಬಂದರು ಪಟ್ಟಣ ಇದೆ. ಸ್ಪೇನ್ ಅದನ್ನ 1509ರಲ್ಲಿ ಹಿಡಿದಿತ್ತು. ಸುಮಾರು ಇನ್ನೂರು ವರ್ಷ ಇಟ್ಟುಕೊಂಡು, ಸಿಂಹಾಸನದ ಜಗಳದಲ್ಲಿ ತಾನೇ ಮುಳುಗಿದ್ದಾಗ, 1708ರಲ್ಲಿ ಕಳ್ಕೊಂಡಿತು. ಅಲ್ಜೀರಿಯನ್ನರು ವಾಪಸ್ ತಗೊಂಡರು. ಅದನ್ನ ಮತ್ತೆ ಹಿಡೀಬೇಕು ಅಂತ ಫಿಲಿಪ್ ದೊರೆ 1732ರ ಬೇಸಿಗೆಯಲ್ಲಿ ಆಲಿಕಾಂತೆ ಬಂದರಿನಿಂದ ದೊಡ್ಡ ನೌಕಾಪಡೆ ಕಳಿಸಿದ. ದಂಡನಾಯಕ ಮೊಂತೆಮಾರ್. ಮಾರ್ಸೆನಾದೊ ಕೂಡ ಆ ಪಡೆಯಲ್ಲಿದ್ದ. ಆತ ಅಷ್ಟರಲ್ಲಿ ಫ್ರಾನ್ಸ್‌ನ ಸ್ವಾಸೋಂ ಪಟ್ಟಣದಲ್ಲಿ 1728ರಲ್ಲಿ ಶುರುವಾದ ಶಾಂತಿ ಮಾತುಕತೆಯಲ್ಲಿ ಸ್ಪೇನ್‌ನ ಪ್ರತಿನಿಧಿಯಾಗಿ ಕೂತು ಬಂದಿದ್ದ. ವ್ಯಾಪಾರ, ಹಣಕಾಸಿನ ಮೇಲೆ ಬರೆದ ಇನ್ನೊಂದು ಪುಸ್ತಕ ಅದೇ 1732ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟ ಆಯಿತು. ಆ ಪುಸ್ತಕದ ಶಾಯಿ ಆರೋ ಹೊತ್ತಿಗೆ ಈತ ಆಫ್ರಿಕಾದಲ್ಲಿದ್ದ.

ಜುಲೈ ಮೊದಲ ದಿನಗಳಲ್ಲೇ ಓರಾನ್ ಸಿಕ್ಕಿತು. ಪಡೆಯ ಬಹುಪಾಲು ಜೈಕಾರ ಹಾಕ್ಕೊಂಡು ವಾಪಸ್ ಹೋಯ್ತು. ಮಾರ್ಸೆನಾದೊನನ್ನು ಅಲ್ಲಿನ ಗವರ್ನರ್ ಮಾಡಿ ಬಿಟ್ಟು ಹೋದರು. ಗೆದ್ದ ಊರನ್ನ ಹೇಗೆ ಆಳಬೇಕು ಅಂತ ಹನ್ನೊಂದು ಸಂಪುಟ ಬರೆದವನ ಕೈಗೆ ಈಗ ನಿಜವಾಗಿ ಗೆದ್ದ ಊರೊಂದು ಬಂತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ?

ಲ್ಯಾಬ್‌ನಲ್ಲಿ ಏನಾಯ್ತು ಅಂದ್ರೆ, ಆಳೋಕೆ ಜನವೇ ಇರಲಿಲ್ಲ. ಜನ ಊರು ಖಾಲಿ ಮಾಡಿ ಹೊರಗೆ ಹೋಗಿದ್ದರು. 1708ರಲ್ಲಿ ಓರಾನ್ ವಾಪಸ್ ಗಳಿಸಿದ್ದ ಬೂಶ್ಲಾಗೆಮ್ ಬೇ, ಅಂದ್ರೆ ಆ ಪಶ್ಚಿಮ ಸೀಮೆಯ ಅಧಿಪತಿ, ಈಗ ಹೊರಗಿನಿಂದ ಮುತ್ತಿಗೆ ಹಾಕ್ತಿದ್ದ. ಕಡಿಮೆ ತೆರಿಗೆ, ಸೌಜನ್ಯ, ಕ್ಷಮೆ, ಇವನ್ನೆಲ್ಲ ಯಾರಿಗೆ ಕೊಡೋದು? ಗೋಡೆಯ ಆಚೆ ಇದ್ದವರಿಗೆ ಬೇಕಾಗಿದ್ದದ್ದು ಒಳ್ಳೆಯ ಗವರ್ನರ್ ಅಲ್ಲ. ಅವರಿಗೆ ಅವರ ಊರು ಬೇಕಾಗಿತ್ತು. 1732ರ ನವೆಂಬರ್ 21ರಂದು ಮುತ್ತಿಗೆ ಹಾಕಿದವರನ್ನ ಹಿಂದಕ್ಕೆ ತಳ್ಳೋಕೆ ಮಾರ್ಸೆನಾದೊ ತನ್ನ ಪಡೆ ಕಟ್ಟಿಕೊಂಡು ಕೋಟೆಯಿಂದ ಹೊರಗೆ ಬಂದ. ಆ ಹೋರಾಟದಲ್ಲಿ ಸತ್ತ. ನಲವತ್ತೆಂಟು ತುಂಬೋಕೆ ಇನ್ನೂ ಒಂದು ತಿಂಗಳು ಬಾಕಿ ಇತ್ತು.

ಇದನ್ನ ಓದಿದ ಮೇಲೆ ಆ ಸಲಹೆಗಳ ಪಟ್ಟಿ ನಮಗೆ ಬೇರೆ ಥರ ಕಾಣಿಸೋಕೆ ಶುರು ಆಯ್ತು. ಮತ್ತೆ ತೆಗೆದು ಓದಿದ್ವಿ. ಮೃದು ಸಲಹೆಗಳ ಪಕ್ಕದಲ್ಲೇ ಗಟ್ಟಿ ಸಲಹೆಗಳೂ ಇವೆ. ಬೇಹುಗಾರರನ್ನ ಇಡೋದು, ಕೋಟೆ ಕಟ್ಟೋದು, ಕಾವಲು ದಳ ನಿಲ್ಲಿಸೋದು, ಅನುಮಾನ ಬಂದ ಪ್ರಮುಖರ ಕಡೆಯವರನ್ನ ಒತ್ತೆ ಇಟ್ಕೊಳ್ಳೋದು, ಇವೂ ಅದೇ ವೈದ್ಯನ ಅದೇ ಚೀಟಿಯಲ್ಲಿವೆ. ಮೊದಲ ಸಲ ಓದುವಾಗ ನಮಗೆ ಬೇಕಾದ್ದನ್ನ ಮಾತ್ರ ಹೆಕ್ಕಿದ್ವಿ. ಎರಡೂ ಒಟ್ಟಿಗೆ ಓದಿದರೆ ಗೊತ್ತಾಗೋದು ಏನಂದ್ರೆ, ಇಡೀ ಪಟ್ಟಿ ಒಂದೇ ಕುರ್ಚಿಯಲ್ಲಿ ಕೂತು ಬರೆದದ್ದು. ಅದು ಆಳುವವನ ಕುರ್ಚಿ. ತೆರಿಗೆ ಕಡಿಮೆ ಮಾಡು, ಯಾಕಂದ್ರೆ ಆಗ ಜನ ಏಳಲ್ಲ. ದೂರು ಕೇಳು, ಯಾಕಂದ್ರೆ ಆಗ ಜನ ತಣ್ಣಗಾಗ್ತಾರೆ. ಜನರಿಗೆ ನ್ಯಾಯ ಸಿಗಬೇಕು ಅನ್ನೋದಕ್ಕಿಂತ ರಾಜ್ಯಕ್ಕೆ ನೆಮ್ಮದಿ ಸಿಗಬೇಕು ಅನ್ನೋದು ಅಲ್ಲಿನ ಗುರಿ. ಸೌಜನ್ಯ ಅನ್ನೋದು ಕಾಸಿಗೆ ಅಗ್ಗವಾದ ಮದ್ದು. ಆ ಮದ್ದು ಹಿಡಿಯದೇ ಹೋದರೆ ಇನ್ನೊಂದು ಮದ್ದು ಇದ್ದೇ ಇದೆ, ಫಿರಂಗಿಗೆ ತುಂಬೋದು.

ಮೆಸ್ಸಿನ ಕತೆಯ ಅರ್ಧವನ್ನ ನಾವು ಮೇಲೆ ಹೇಳಿರಲಿಲ್ಲ, ಈಗ ಹೇಳ್ತೀವಿ. ಕ್ಷಮಾಪಣೆ ಪತ್ರ ಬರೆಸಿಕೊಂಡ ಹದಿನೈದು ದಿನಕ್ಕೆ ನೋಟಿಸ್ ಬೋರ್ಡ್‌ನಲ್ಲಿ ಒಂದು ಕ್ಯೂಆರ್ ಕೋಡ್ ಬಂತು. ಊಟದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ ಅಂತ. ವಾರ್ಡನ್ ಸರ್ ಈ ಸಲ ನಗ್ತಾ ನಗ್ತಾ ಮಾತಾಡಿಸಿದ್ರು. ಎಲ್ಲರೂ ಫಾರ್ಮ್ ತುಂಬಿದ್ವಿ. ಉಪ್ಪು, ಖಾರ, ಬೇಳೆ, ಎಣ್ಣೆ, ಎಲ್ಲದಕ್ಕೂ ಐದರಲ್ಲಿ ಎಷ್ಟು ಸ್ಟಾರ್ ಅಂತ ಕೊಟ್ವಿ. ಕೇಳಿದ್ರಲ್ಲ ಅಂತ ನಮಗೂ ಸಮಾಧಾನ ಆಯ್ತು, ಗಲಾಟೆ ನಿಂತೋಯ್ತು. ಗುತ್ತಿಗೆ ಮಾತ್ರ ಅದೇ ಗುತ್ತಿಗೆದಾರರಿಗೆ ಇನ್ನೊಂದು ವರ್ಷಕ್ಕೆ ಹೋಯ್ತು. ಗುತ್ತಿಗೆ ಯಾರಿಗೆ ಕೊಡಬೇಕು, ಅದನ್ನ ತೀರ್ಮಾನ ಮಾಡೋ ಸಮಿತಿಯಲ್ಲಿ ಊಟ ಮಾಡೋರು ಇರಬೇಕಾ ಬೇಡವಾ ಅನ್ನೋ ಪ್ರಶ್ನೆ ಆ ಫಾರ್ಮ್‌ನಲ್ಲಿ ಇರಲಿಲ್ಲ. ಅಂದ್ರೆ ನಾವು ಅಂದುಕೊಂಡ ಹಾಗೆ ನಮ್ಮ ಆಫೀಸು ಮಾರ್ಸೆನಾದೊಗೆ ಉಲ್ಟಾ ಏನೂ ನಡೀಲಿಲ್ಲ. ಸ್ವಲ್ಪ ತಡವಾಗಿ ಆತನ ಪುಸ್ತಕವನ್ನೇ ಪಾಲಿಸಿತು.

ಹಾಸ್ಟೆಲ್ ಸಾಂಬಾರಿಗೂ ಓರಾನ್ ಯುದ್ಧಕ್ಕೂ ಎಲ್ಲಿಂದೆಲ್ಲಿಗೆ ಅಂತ ನೀವು ನಗಬಹುದು. ಒಂದರಲ್ಲಿ ಪ್ರಾಣ ಹೋಗಿದೆ, ಇನ್ನೊಂದರಲ್ಲಿ ಹೊಟ್ಟೆ ಕೆಟ್ಟಿದೆ ಅಷ್ಟೇ, ಒಪ್ತೀವಿ. ಆದರೆ ಎರಡರಲ್ಲೂ ಕಾಣೋ ಒಂದು ಗೆರೆ ಇದೆ. ಜನ ಹೇಳಿದ್ದನ್ನ ಕೇಳೋದು ಅವರನ್ನ ಸುಮ್ಮನಾಗಿಸೋಕೋ, ನಾವು ಬದಲಾಗೋಕೋ? ಹೊರಗಿಂದ ನೋಡೋಕೆ ಎರಡೂ ಒಂದೇ ಥರ ಇರುತ್ತೆ. ಅದೇ ನಗು, ಅದೇ ಫಾರ್ಮ್, ಅದೇ ಒಳ್ಳೆ ಮಾತು. ಒಳಗೆ ಬೇರೆ ಬೇರೆ.

ನಮ್ಮ ಓದುಕೂಟದಲ್ಲಿ ಇದಕ್ಕೆ ಒಬ್ಬ ಸೀನಿಯರ್ ಆಕ್ಷೇಪ ಎತ್ತಿದರು. ಅವರ ಮಾತಿಗೂ ತೂಕ ಇದೆ. ಮುನ್ನೂರು ವರ್ಷ ಹಿಂದಿನ ಮನುಷ್ಯನನ್ನ ಇವತ್ತಿನ ತಕ್ಕಡಿಯಲ್ಲಿ ತೂಗಬೇಡ್ರಪ್ಪ, ಆ ಕಾಲದಲ್ಲಿ ಗೆದ್ದವನಿಗೆ ಊರು ಅನ್ನೋದು ಎಲ್ಲರೂ ಒಪ್ಪಿದ ನಿಯಮ, ಅದರ ಒಳಗೇ ಇಷ್ಟು ಮನುಷ್ಯತ್ವ ತೋರಿಸಿದ್ದೇ ದೊಡ್ಡದು ಅಂದರು. ಇದಕ್ಕೆ ಉತ್ತರ ಹುಡುಕೋಕೆ ನಾವು ದೂರ ಹೋಗಬೇಕಾಗಲಿಲ್ಲ. ಉತ್ತರ ಸ್ಪೇನ್‌ನಲ್ಲೇ ಇತ್ತು, ಮಾರ್ಸೆನಾದೊಗಿಂತಲೂ ಹಿಂದೆ. ಅಮೆರಿಕದ ಮೂಲನಿವಾಸಿಗಳ ನೆಲದ ಮೇಲೆ ಸ್ಪೇನ್‌ಗೆ ಯಾವ ಹಕ್ಕಿದೆ ಅಂತ ಫ್ರಾನ್ಸಿಸ್ಕೊ ದೆ ವಿಟೋರಿಯಾ ಎಂಬ ಪಾದ್ರಿ ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ 1539ರಲ್ಲೇ ಉಪನ್ಯಾಸ ಕೊಟ್ಟಿದ್ದ. ದೊರೆಗೆ ಹೇಳೋ ಹಕ್ಕುಗಳಲ್ಲಿ ಹಲವು ಪೊಳ್ಳು ಅಂತ ಒಂದೊಂದಾಗಿ ತೆಗೆದುಹಾಕಿದ್ದ. 1550-51ರಲ್ಲಿ ವ್ಯಾಲದೋಲಿದ್ ಪಟ್ಟಣದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮತ್ತು ಸೆಪುಲ್ವೆದಾ ಇದೇ ವಿಷಯದ ಮೇಲೆ ದೊರೆ ಕರೆಸಿದ್ದ ಸಭೆಯ ಮುಂದೆ ವಾದ ಮಾಡಿದ್ದರು. ಆ ವಾದಗಳಿಂದ ದಂಡಯಾತ್ರೆ ನಿಲ್ಲಲಿಲ್ಲ, ನಿಜ. ಪ್ರಶ್ನೆಯಂತೂ ಆತನ ದೇಶದಲ್ಲಿ, ಆತನ ಧರ್ಮದವರ ಬಾಯಲ್ಲೇ, ಸುಮಾರು ಇನ್ನೂರು ವರ್ಷ ಮುಂಚೆ ಬಂದಿತ್ತು. ಆದ್ದರಿಂದ ಆ ಕಾಲಕ್ಕೆ ಅದು ಹೊಳೆಯೋ ಹಾಗೇ ಇರಲಿಲ್ಲ ಅನ್ನೋದನ್ನ ನಾವು ಒಪ್ಪಲ್ಲ.

ಹಾಗಂತ ಮಾರ್ಸೆನಾದೊನನ್ನು ಬದಿಗೆ ಎಸೀಬೇಕು ಅಂತಲೂ ನಾವು ಹೇಳ್ತಿಲ್ಲ. ಕೈಯಲ್ಲಿ ಅಧಿಕಾರ ಇರೋನು ಗಲಾಟೆ ಆದ ಕೂಡಲೇ ತಪ್ಪು ಮೊದಲು ನನ್ನಲ್ಲಿ ಹುಡುಕ್ತೀನಿ ಅನ್ನೋದು ಸಣ್ಣ ವಿಷಯ ಅಲ್ಲ. ಕೊಟ್ಟ ಕ್ಷಮೆಯ ಮಾತು ಮುರಿಯಬಾರದು ಅನ್ನೋದೂ ಸಣ್ಣದಲ್ಲ. ಇವತ್ತಿಗೂ ಅಷ್ಟು ಮಾಡೋರು ಎಷ್ಟು ಜನ ಸಿಗ್ತಾರೆ? ಮುಂದೆ ನಮ್ಮಲ್ಲಿ ಕೆಲವರು ಟೀಮ್ ಲೀಡ್ ಆಗ್ತೀವಿ, ಕೆಲವರು ಸೈಟ್ ಎಂಜಿನಿಯರ್ ಆಗ್ತೀವಿ. ಇನ್ನು ಕೆಲವರು ಸರ್ಕಾರಿ ಕೆಲಸಕ್ಕೆ ಹೋಗಿ, ಅಣೆಕಟ್ಟಿಗೋ ಹೆದ್ದಾರಿಗೋ ಜಾಗ ಬಿಟ್ಟು ಹೋಗಿ ಅಂತ ಊರವರಿಗೆ ಹೇಳೋ ಜಾಗದಲ್ಲಿ ನಿಲ್ತೀವಿ. ಆಗ ನಮ್ಮ ಎದುರಿಗೂ ಖಾಲಿ ತಟ್ಟೆ ಹಿಡಿದು ಕೂತವರು ಇರ್ತಾರೆ. ಅವತ್ತು ನಮಗೆ ಮಾರ್ಸೆನಾದೊ ಬೇಕು, ಪರಿಹಾರದ ಹಣ ಸರಿಯಾಗಿ ಕೊಟ್ರಾ, ಮಾತಾಡಿಸಿದ್ರಾ, ಅವಮಾನ ಮಾಡಿದ್ರಾ ಅಂತ ಕೇಳೋಕೆ. ವಿಟೋರಿಯಾನೂ ಬೇಕು, ಈ ಜಾಗ ತಗೊಳ್ಳೋ ಹಕ್ಕು ನಿಮಗೆ ಇದೆಯಾ ಅಂತ ಕೇಳೋಕೆ. ಮೊದಲನೇ ಪ್ರಶ್ನೆ ಚೆನ್ನಾಗಿ ಕಲಿತವರು ಎರಡನೇ ಪ್ರಶ್ನೆ ಕೇಳೋದನ್ನೇ ಮರೀತಾರೆ ಅನ್ನೋದು ನಮ್ಮ ಭಯ. ಚೆನ್ನಾಗಿ ಆಳ್ತಿದ್ದೀನಲ್ಲ, ಇನ್ನೇನು ಬೇಕು ಇವರಿಗೆ ಅನ್ನೋ ಭಾವನೆ ಒಳ್ಳೆಯವರಿಗೇ ಬೇಗ ಬರುತ್ತೆ.

ಓರಾನ್ ಕತೆ ಮುಗಿಸಿಬಿಡೋಣ. ಮಾರ್ಸೆನಾದೊ ಸತ್ತ ಮೇಲೂ ಸ್ಪೇನ್ ಆ ಕೋಟೆ ಬಿಡಲಿಲ್ಲ. ಗವರ್ನರ್ ಆದ ಮೇಲೆ ಗವರ್ನರ್, ಕಾವಲು ದಳದ ಮೇಲೆ ಕಾವಲು ದಳ ಬಂದು ಹೋದವು. 1790ರ ಅಕ್ಟೋಬರ್‌ನಲ್ಲಿ ಭೂಕಂಪ ಆಗಿ ಪಟ್ಟಣ ನೆಲಕಚ್ಚಿತು. 1792ರಲ್ಲಿ ಸ್ಪೇನ್ ಅದನ್ನ ಅಲ್ಜೀರಿಯನ್ನರಿಗೆ ಬಿಟ್ಟು ಹೋಯ್ತು. ಅರವತ್ತು ವರ್ಷ ಕಾದವರಿಗೆ ಊರು ಸಿಕ್ಕಿದ್ದು ಕಲ್ಲುಮಣ್ಣಿನ ರಾಶಿಯಾಗಿ.

ಮ್ಯಾಡ್ರಿಡ್‌ನಲ್ಲಿ ಇವತ್ತಿಗೂ ಮಾರ್ಸೆನಾದೊ ಬಿರುದಿನ ಒಂದು ಬೀದಿ ಇದೆ. ಗೋಡೆಗೆ ಅಂಟಿಸೋಕೆ ಅಂತ ಮಾಡಿದ್ದ ಆ ಸಲಹೆಗಳ ಪಟ್ಟಿಯನ್ನ ನಾವು ಕೊನೆಗೂ ಪ್ರಿಂಟ್ ತೆಗೆಸಿದ್ವಿ, ಕೆಳಗೆ ಒಂದು ಸಾಲು ನಮ್ಮದು ಸೇರಿಸಿ: ಮುಂದಿನ ಗುತ್ತಿಗೆ ಸಮಿತಿಯಲ್ಲಿ ಊಟ ಮಾಡೋರು ಇಬ್ಬರು ಇರಬೇಕು. ಅರ್ಜಿ ಕ್ಲಬ್ ರೂಮಿನ ಮೇಜಿನ ಮೇಲಿದೆ. ಮೊದಲ ಐದು ಸಹಿ ಯಾರದ್ದು ಅಂತ ಈ ಸಲ ಹುಡುಕೋಕೆ ಆಗಬಾರದು, ಅದಕ್ಕೆ ಹೆಸರುಗಳನ್ನ ವೃತ್ತದ ಹಾಗೆ ಸುತ್ತ ಬರೀತಿದ್ದೀವಿ. ಜಾಗ ಇನ್ನೂ ಇದೆ, ಬಂದು ಹಾಕಿ ಹೋಗಿ.